ಸೊಟ್ಟ ರಸ್ತೆ, ಇಟ್ಟಿಗೆ ಗುಂಡಿ

ನಕ್ಷೆಯಲ್ಲಿ ರಸ್ತೆ ನೇರವಾಗಿದ್ದರೆ ಯಾರೂ ಏನೂ ಕೇಳುವುದಿಲ್ಲ. ಸ್ವಲ್ಪ ಬಳುಕಿದರೆ ಸಾಕು, ಯಾರ ಜಮೀನು ಉಳಿಸೋಕೆ ಅಂತ ಮೊದಲ ಪ್ರಶ್ನೆ. ಕೇಳುವುದರಲ್ಲಿ ತಪ್ಪಿಲ್ಲ ಬಿಡಿ. ಎಷ್ಟೋ ಊರುಗಳಲ್ಲಿ ಹಾಗೇ ಬಳುಕಿದೆ.

ನಾನು ಕನ್ಸಲ್ಟೆನ್ಸಿ ಒಂದರಲ್ಲಿ ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ, ನೋಡಿಕೊಳ್ಳುತ್ತೇನೆ. ಮಧ್ಯಮ ಗಾತ್ರದ ಊರೊಂದರ ಮಾಸ್ಟರ್ ಪ್ಲಾನ್ ಪರಿಷ್ಕರಣೆ ನಮಗೆ ಬಂದಿತ್ತು. ಕಾಯ್ದೆ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಇದು ಆಗಬೇಕು. ಆಗುವುದು ಕಷ್ಟ. ಬೆಂಗಳೂರನ್ನೇ ನೋಡಿ. 2031ರ ಕರಡು 2017ರಲ್ಲಿ ಹೊರಬಂತು, 2020ರಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. 2007ರಲ್ಲಿ ಒಪ್ಪಿಗೆ ಸಿಕ್ಕಿದ್ದ ಹಳೇ ಪ್ಲಾನ್ ಆರ್‌ಎಂಪಿ-2015ರಲ್ಲೇ ಮತ್ತೆ ಗಾಡಿ ಓಡಿತು.

ನಮ್ಮ ಕರಡು ಪ್ರಕಟವಾಗಿ 60 ದಿನದ ಆಕ್ಷೇಪಣೆ ಅವಧಿ ನಡೆಯುತ್ತಿತ್ತು. ನಡುವೆ ಒಂದು ಸಾರ್ವಜನಿಕ ಸಭೆ. ಗೋಡೆಗೆ ಎ-ಜೀರೋ ಅಳತೆಯ ದೊಡ್ಡ ನಕ್ಷೆ ಅಂಟಿಸಿದ್ದೆವು. ವಸತಿ ಹಳದಿ, ವಾಣಿಜ್ಯ ನೀಲಿ, ಕೈಗಾರಿಕೆ ನೇರಳೆ, ಕೃಷಿ ಹಸಿರು. ಸರ್ವೆ ನಂಬರ್ ಮಾತ್ರ ಇರಲಿಲ್ಲ. ನಂಬರ್ ಹಾಕಿದರೆ ಬಣ್ಣ ಕಾಣಲ್ಲ ಅಂತ ಟೀಮ್ ಲೀಡರ್ ಲೇಬಲ್ ಆಫ್ ಮಾಡಿಸಿದ್ದರು. ಬಂದವರೆಲ್ಲರ ಕೈಯಲ್ಲಿ ಪಹಣಿ. 'ನಂದು ಎಲ್ಲಿದೆ ತೋರಿಸಿ' ಅಂತ ನನ್ನ ಲ್ಯಾಪ್‌ಟಾಪ್ ಮುಂದೆ ಸಾಲು ನಿಂತಿತು.

ಆ ಸಾಲಿನಲ್ಲಿ ಹೂವು ಬೆಳೆಯುವ ಒಬ್ಬ ಹೆಂಗಸಿದ್ದರು. ಅವರು ನನ್ನ ಹತ್ತಿರ ಬರಲೇ ಇಲ್ಲ. ನೇರ ಗೋಡೆಯ ಹತ್ತಿರ ಹೋಗಿ, 80 ಅಡಿ ರಿಂಗ್ ರೋಡಿನ ಮೇಲೆ ಬೆರಳಿಟ್ಟರು. 'ನೆಟ್ಟಗೆ ಬರೋ ರಸ್ತೆ ಇಲ್ಲಿ ಯಾಕೆ ಸೊಟ್ಟ ಆಗಿದೆ? ಸೊಟ್ಟ ಆಗಿ ನನ್ ಜಮೀನಿಗೇ ಬಂದಿದೆಯಲ್ಲ?'

ನನ್ನ ಹತ್ತಿರ ಉತ್ತರ ಇತ್ತು. 'ಅಲ್ಲಿ ನೀರಿನ ಕುಂಟೆ ಇದೆ ಅಮ್ಮಾ. ಸುತ್ತ ಬಫರ್ ಅಂತ ಖಾಲಿ ಜಾಗ ಬಿಡಬೇಕು. ಸ್ಯಾಟಲೈಟ್‌ನಲ್ಲಿ ನೀರು ಕಾಣಿಸ್ತಿದೆ.' ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಬಫರ್ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಎನ್‌ಜಿಟಿ 2016ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು. ಆದರೂ ನಮ್ಮ ಆಫೀಸಿನಲ್ಲಿ ನೀಲಿ ಚುಕ್ಕೆ ಕಂಡರೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಸಭೆಯಲ್ಲಿ ನಗು ಎದ್ದಿತು. 'ಕುಂಟೆ ಅಲ್ಲ ಸ್ವಾಮಿ, ಇಟ್ಟಿಗೆ ಗೂಡಿಗೆ ಮಣ್ಣು ತೆಗೆದ ಗುಂಡಿ. ಮಳೆ ನೀರು ನಿಂತಿದೆ.' ಹಿಂದಿನಿಂದ ಇನ್ನೊಬ್ಬರು, 'ಗುಂಡಿ ಯಾರದು ಅಂತಾನೂ ಹೇಳಿ!' ಅಂದರು. ಯಾರೋ ಹೆಸರು ಹೇಳಿದರು. ಊರಿನ ಪ್ರಭಾವಿ. ನಗು ನಿಂತು ಕೂಗಾಟ ಶುರುವಾಯಿತು. ನನಗೆ ಆ ಮನುಷ್ಯ ಯಾರು ಅಂತಲೇ ಗೊತ್ತಿರಲಿಲ್ಲ. ಆ ಕ್ಷಣದಲ್ಲಿ ಅದನ್ನು ಯಾರು ನಂಬುತ್ತಾರೆ? ಕೆಳಗೆ ಕೂತಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಯಮ್ಮ ಮಾತ್ರ ಕೂಗಲಿಲ್ಲ. ಬೆರಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. 'ನೀರು ಹರಿಯೋದು ಇಲ್ಲಿ. ಇದನ್ನ ಹಳದಿ ಮಾಡಿದ್ದೀರಾ.'

ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಗ್ರಾಮ ನಕ್ಷೆಯಲ್ಲಿ ಅಲ್ಲೊಂದು ಬಿ-ಖರಾಬು (ಸಾರ್ವಜನಿಕ ಬಳಕೆಗೆಂದು ಬಿಟ್ಟ ಸರ್ಕಾರಿ ಜಾಗ) ಹಳ್ಳ ಇರುವುದು ನನಗೆ ಗೊತ್ತಿತ್ತು. 1:7920ರ ಹಳೇ ನಕ್ಷೆ. ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಿದರೆ ಒಂದು ಮೂಲೆ ಸರಿಹೋದರೆ ಇನ್ನೊಂದು ಮೂಲೆ ಜಾರುತ್ತದೆ. ಚಿತ್ರದಲ್ಲಿ ಆ ಜಾಗ ಒಣಗಿತ್ತು. ಹಾಗಾಗಿ ಗೆರೆಯನ್ನು 'ಟು ಬಿ ವೆರಿಫೈಡ್' ಅನ್ನುವ, ಇನ್ನೂ ಪರಿಶೀಲಿಸಬೇಕಾದ ಗೆರೆಗಳ ಲೇಯರಿಗೆ (ನಕ್ಷೆಯ ಪ್ರತ್ಯೇಕ ಪದರ) ತಳ್ಳಿ ಮುಂದೆ ಹೋಗಿದ್ದೆ. ಡೆಡ್‌ಲೈನ್ ಇತ್ತು, ಸೈಟ್ ವಿಸಿಟ್‌ಗೆ ವಾಹನ ಕೇಳಿದರೆ ಬಜೆಟ್ ಇಲ್ಲ ಅಂದಿದ್ದರು. ಅದೂ ನಿಜ. ಆದರೆ ವಾಹನ ಇಲ್ಲದಿದ್ದರೂ ಗುಂಡಿಯನ್ನು ನಂಬಿದೆ, ಹಳ್ಳವನ್ನು ನಂಬಲಿಲ್ಲ.

ಆ ಲೇಯರ್ ತೋರಿಸೋಣ ಅಂತ ತೆರೆದೆ. ಕೆಂಪು ಆಶ್ಚರ್ಯಸೂಚಕ ಚಿಹ್ನೆ. ಡೇಟಾ ಆಫೀಸಿನ ಝಡ್ ಡ್ರೈವಿನಲ್ಲಿದೆ, ನಾನು ಕಲ್ಯಾಣ ಮಂಟಪದಲ್ಲಿದ್ದೇನೆ. ಆಫೀಸಿನ ಹುಡುಗನಿಗೆ ಫೋನ್ ಮಾಡಿದೆ. ಅವನು ವಾಟ್ಸಾಪ್‌ನಲ್ಲಿ ಜಿಪ್ ಕಳಿಸಿದ, ಪಿಆರ್‌ಜೆ ಫೈಲ್ ಬಿಟ್ಟು. ಗೆರೆ ಭೂಮಿಯ ಮೇಲೆ ಎಲ್ಲಿ ಕೂರಬೇಕು ಅಂತ ಹೇಳುವುದೇ ಆ ಫೈಲ್. ಹಳ್ಳ ನಕ್ಷೆಯಾಚೆ ಎಲ್ಲೋ ಹೋಗಿ ಕೂತಿತು. ಪ್ರೊಜೆಕ್ಟರ್ ಮೇಲೆ ಇಡೀ ಸಭೆ ನನ್ನ ಮೌಸ್ ಅಲೆಯುವುದನ್ನು ನೋಡುತ್ತಿತ್ತು. ನಗರ ಯೋಜನೆಯ ಎಡಿ (ಸಹಾಯಕ ನಿರ್ದೇಶಕ) ಸಾಹೇಬರು ಎದ್ದು, 'ಬರವಣಿಗೆಯಲ್ಲಿ ಕೊಡಿ, ಪರಿಶೀಲಿಸ್ತೀವಿ' ಅಂದರು. 'ಬರೆದು ಕೊಡೋದೇ ಆದ್ರೆ ಸಭೆ ಯಾಕ್ರೀ?' ಅಂತ ಉತ್ತರ ಬಂತು. ಒಳ್ಳೇ ಪ್ರಶ್ನೆ.

ಕೊನೆಗೆ ಆ ಫೈಲಿನಲ್ಲಿರಬೇಕಿದ್ದ ಸ್ಥಾನದ ವಿವರವನ್ನು ಕೈಯಾರೆ ಹಾಕಿದೆ. ಹಳ್ಳದ ಗೆರೆ ಹಳದಿಯ ಮೇಲೆ ಮೂಡಿತು, ಆಯಮ್ಮ ತೋರಿಸಿದ್ದ ಜಾಗದಲ್ಲೇ. 'ಅದೇ' ಅಂದು ಅವರು ಹೋಗಿ ಕೂತರು.

ಆಮೇಲೆ ವಾಹನ ಸಿಕ್ಕಿತು. ಸರ್ವೆಯರ್ ಜೊತೆ ಹೋಗಿ ನೋಡಿದೆವು. ಲಂಟಾನ ಮುಚ್ಚಿಕೊಂಡ ಹಳ್ಳ, ಗಾಡಿ ದಾರಿಗೆ ಹಳೇ ಕಲ್ಲಿನ ಮೋರಿ. ಮೋರಿ ಕಟ್ಟಿದವರಿಗೆ ನೀರು ಬರುವುದು ಗೊತ್ತಿತ್ತು ಅಲ್ವಾ.

ಆಕ್ಷೇಪಣೆಗಳ ಎಕ್ಸೆಲ್ ತುಂಬಿಸುವ ಕೆಲಸವೂ ನನ್ನದೇ. ಬಹುಪಾಲು ಅರ್ಜಿಗಳ ಸಾರ ಒಂದೇ: ನನ್ನ ಹಸಿರನ್ನು ಹಳದಿ ಮಾಡಿ. ಯಾವ ವಲಯದಲ್ಲಿ ಏನು, ಹೇಗೆ ಕಟ್ಟಬಹುದು ಅನ್ನುವ ವಲಯ ನಿಯಮಾವಳಿ ಪುಸ್ತಕದ ಬಗ್ಗೆ ಹೆಚ್ಚುಕಡಿಮೆ ಏನೂ ಬರಲಿಲ್ಲ. 30x40 ಸೈಟಿನವನಿಗೆ ಸೆಟ್‌ಬ್ಯಾಕು, ಪಾರ್ಕಿಂಗು ತಟ್ಟುವುದು ಆ ಪುಸ್ತಕದಿಂದಲೇ. ಆದರೆ ನಾವು ಅದನ್ನು ಇಂಗ್ಲಿಷಿನಲ್ಲಿ ಮಾತ್ರ ಅಚ್ಚು ಹಾಕಿಸಿದ್ದೆವು. ಜನರಿಗೆ ಆಸಕ್ತಿ ಇಲ್ಲ ಅಂತ ವರದಿಯಲ್ಲಿ ಬರೆಯಲು ಹೊರಟಿದ್ದರು, ನಾನು ಜಗಳ ಮಾಡಿ ಆ ಸಾಲು ತೆಗೆಸಿದೆ. ಮುಂದಿನ ಊರಿಗೆ ವಾರ್ಡ್‌ವಾರು ಶೀಟು, ಸರ್ವೆ ನಂಬರ್ ಸಮೇತ, ಅಂತಲೂ ಹಟ ಹಿಡಿದಿದ್ದೇನೆ. ಪ್ರಿಂಟಿಂಗ್ ಖರ್ಚು ಜಾಸ್ತಿ ಅಂತ ಕಡತ ಇನ್ನೂ ಮೇಲೆಯೇ ಇದೆ.

ರಸ್ತೆ ನೇರ ಮಾಡಲು ಶಿಫಾರಸು ಬರೆದೆವು. ಸುದ್ದಿ ಹೇಗೆ ಹೋಯಿತೋ, ಅವಧಿಯ ಕೊನೇ ದಿನ ಆ ಪ್ರಭಾವಿಯ ವಕೀಲರು ಆಕ್ಷೇಪಣೆ ಹಿಡಿದು ಬಂದರು. ಸದರಿ ಸರ್ವೆ ನಂಬರಿನಲ್ಲಿ ಕುಂಟೆ ಇರುತ್ತದೆ, ಬಫರ್ ಬಿಡತಕ್ಕದ್ದು ಅಂತ ಅದರ ಒಕ್ಕಣೆ. ಸಾಕ್ಷಿಗೆ ನಮ್ಮದೇ ಕರಡು ನಕ್ಷೆಯ ಕಲರ್ ಜೆರಾಕ್ಸ್ ಲಗತ್ತಿಸಿದ್ದರು. ಎಕ್ಸೆಲ್‌ನ ಡ್ರಾಪ್‌ಡೌನ್‌ನಲ್ಲಿ ಇದಕ್ಕೆ ಸರಿಹೊಂದುವ ವರ್ಗ ಇರಲಿಲ್ಲ. 'ಇತರೆ' ಒತ್ತಿದೆ.