ಅಮೆರಿಕದ ಅಧ್ಯಕ್ಷರಲ್ಲಿ ದೊಡ್ಡವರು ಯಾರು? ನನ್ನ ಉತ್ತರ ಲಿಂಡನ್ ಜಾನ್ಸನ್

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. "ಅಷ್ಟು ವರ್ಷದಿಂದ ಅಮೆರಿಕದಲ್ಲಿದ್ದೀಯಲ್ಲ, ಅಲ್ಲಿನ ಅಧ್ಯಕ್ಷರಲ್ಲಿ ಯಾರು ದೊಡ್ಡವರು ಹೇಳು ನೋಡೋಣ." ದೊಡ್ಡಪ್ಪ ಕೇಳುತ್ತಾರೆ, ಶಾಲೆಯ ಗೆಳೆಯರು ಕೇಳುತ್ತಾರೆ. ಲಿಂಕನ್ ಅನ್ನುತ್ತೇನೆ ಅಂತ ಕಾಯುತ್ತಿರುತ್ತಾರೆ. ಇಲ್ಲದಿದ್ದರೆ ಕೆನಡಿ. ನಾನು ಲಿಂಡನ್ ಜಾನ್ಸನ್ ಅಂದ ತಕ್ಷಣ ಒಂದು ಗಳಿಗೆ ಮಾತು ನಿಲ್ಲುತ್ತದೆ. "ವಿಯೆಟ್ನಾಂ ಯುದ್ಧ ಮಾಡಿದವರಲ್ವಾ?"

ಹೌದು, ಅವರೇ. ಲಿಂಕನ್ ದೊಡ್ಡವರು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅಧಿಕಾರ ಕೈಯಲ್ಲಿದ್ದಾಗ ಅದರಿಂದ ಏನು ಮಾಡಬಹುದು, ಅದು ಹೇಗೆ ಕೈತಪ್ಪಿ ಹೋಗಬಹುದು, ಎರಡನ್ನೂ ನನಗೆ ಕಲಿಸಿದವರು ಜಾನ್ಸನ್. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ.

ಅವರು ಹುಟ್ಟಿದ್ದು 1908ರಲ್ಲಿ, ಟೆಕ್ಸಾಸಿನ ಪೆಡರ್ನಾಲೆಸ್ ಹೊಳೆಯ ದಂಡೆಯಲ್ಲಿ. ನಾನಿರುವ ಆಸ್ಟಿನ್ನಿನಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಕಲ್ಲುಗುಡ್ಡ, ತೆಳು ಮಣ್ಣು, ನೆಚ್ಚಿಕೊಳ್ಳಲಾಗದ ಮಳೆ. ಅಪ್ಪ ಟೆಕ್ಸಾಸಿನ ಶಾಸಕರಾಗಿದ್ದವರು. ಹತ್ತಿ ಬೆಲೆ ಬಿದ್ದು ಸಾಲದಲ್ಲಿ ಮುಳುಗಿದರು. ಆ ಸೀಮೆಯ ಹೆಂಗಸರು ಬಾವಿಯಿಂದ ನೀರು ಹೊತ್ತು ಹೊತ್ತು ನಡು ಬಗ್ಗಿಸಿಕೊಂಡವರು. ನಮ್ಮ ಬೆಂಗಳೂರಿನ ಬೀದಿಯಲ್ಲಿ 1905ರಲ್ಲೇ ವಿದ್ಯುತ್ ದೀಪ ಹತ್ತಿತ್ತು. ಅಲ್ಲಿಯ ಹಳ್ಳಿಮನೆಗಳಿಗೆ ಕರೆಂಟ್ ಬಂದದ್ದು 1939ರ ಸುಮಾರಿಗೆ. ತಂದವರು ಅಲ್ಲಿಂದ ಗೆದ್ದಿದ್ದ ಯುವ ಸಂಸದ ಜಾನ್ಸನ್.

ಅದಕ್ಕೂ ಮುಂಚೆ, 1928ರಲ್ಲಿ, ಕಾಲೇಜಿನ ಖರ್ಚಿಗೆ ದುಡ್ಡು ಬೇಕಾಗಿ ಕೊಟುಲಾ ಅನ್ನುವ ಸಣ್ಣ ಊರಿನಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದರು. ಆಗ ವಯಸ್ಸು 20. ಮೆಕ್ಸಿಕನ್ ಮೂಲದ ಬಡ ಮಕ್ಕಳ ಶಾಲೆ ಅದು. ಎಷ್ಟೋ ಮಕ್ಕಳು ಬೆಳಗಿನ ತಿಂಡಿ ಇಲ್ಲದೆ ಬರುತ್ತಿದ್ದರು. ತನ್ನ ಮೊದಲ ಸಂಬಳದಲ್ಲಿ ಆ ಮಕ್ಕಳಿಗೆ ಆಟದ ಸಾಮಾನು ತಂದುಕೊಟ್ಟರು. ಈ ಶಾಲೆಯನ್ನು ನೆನಪಿಟ್ಟುಕೊಳ್ಳಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. 1937ರಲ್ಲಿ ಸಂಸತ್ತಿಗೆ ಬಂದ ಅವರು ಮುಂದಿನ 20 ವರ್ಷ ಕಪ್ಪು ಜನರ ಹಕ್ಕಿನ ಮಸೂದೆಗಳಿಗೆ ವಿರೋಧವಾಗಿಯೇ ಮತ ಹಾಕಿದರು. 1948ರಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟಿನ ಟಿಕೆಟ್‌ಗಾಗಿ ಪಕ್ಷದೊಳಗೆ ನಡೆದ ಚುನಾವಣೆಯಲ್ಲಿ ಗೆದ್ದದ್ದು ಬರೀ 87 ಮತಗಳಿಂದ. ಆ ಎಣಿಕೆಯಲ್ಲಿ ಮೋಸ ನಡೆಯಿತು ಅನ್ನುವ ಮಾತು ಇವತ್ತಿಗೂ ಹೋಗಿಲ್ಲ. ಅವರ ಮಾತು ಒರಟು, ಆಸೆ ಅತಿ. ಎದುರಿಗಿದ್ದವರ ಮೈಮೇಲೆ ಬಾಗಿ ನಿಂತು, ಅಂಗಿಯ ಕಾಲರ್ ಹಿಡಿದು ಮಾತಾಡಿಸುವ ಆಳು.

1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಕೆನಡಿಯವರ ಕೊಲೆಯಾಯಿತು. ಉಪಾಧ್ಯಕ್ಷರಾಗಿದ್ದ ಜಾನ್ಸನ್ ವಿಮಾನದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಕೆನಡಿ ತಂದಿದ್ದ ನಾಗರಿಕ ಹಕ್ಕುಗಳ ಮಸೂದೆ ಆಗ ಸಂಸತ್ತಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹೋಟೆಲು, ಥಿಯೇಟರು, ಕೆಲಸದ ಜಾಗ, ಎಲ್ಲಿಯೂ ಬಣ್ಣ ನೋಡಿ ಯಾರನ್ನೂ ಹೊರಗಿಡಬಾರದು ಅನ್ನುವ ಮಸೂದೆ. ಈಗ ಇದಕ್ಕೆ ಕೈ ಹಾಕಬೇಡಿ, ಇದು ಗೆಲ್ಲುವ ಕೆಲಸವಲ್ಲ ಅಂತ ಹತ್ತಿರದವರು ಬುದ್ಧಿ ಹೇಳಿದರು. "ಹಾಗಾದರೆ ಅಧ್ಯಕ್ಷಗಿರಿ ಇರೋದಾದರೂ ಯಾತಕ್ಕೆ?" ಅಂದರಂತೆ ಜಾನ್ಸನ್.

ಅಲ್ಲಿಂದ ಮುಂದಿನ ಏಳೆಂಟು ತಿಂಗಳ ಕಥೆಯನ್ನು ನಾನು ಎಷ್ಟು ಸಲ ಓದಿದರೂ ಬೇಸರವಾಗಿಲ್ಲ. ಅವರು ಮೊದಲು ಮುಗಿಸಿದ್ದು ತೆರಿಗೆ ಕಡಿತದ ಮಸೂದೆಯನ್ನು. ಯಾಕೆ ಗೊತ್ತಾ? ಅದು ಬಾಕಿ ಇದ್ದರೆ ಕಪ್ಪು ಜನರನ್ನು ಬೇರೆಯಾಗಿಟ್ಟಿದ್ದ ದಕ್ಷಿಣದ ರಾಜ್ಯಗಳ ಸೆನೆಟರುಗಳು ಅದನ್ನೇ ಒತ್ತೆ ಇಟ್ಟುಕೊಂಡು ಹಕ್ಕುಗಳ ಮಸೂದೆಯನ್ನು ಕೈಬಿಡಿ ಅನ್ನುತ್ತಿದ್ದರು. ತೆರಿಗೆ ಸಮಿತಿಯ ಮುಖ್ಯಸ್ಥ ಹ್ಯಾರಿ ಬರ್ಡ್, ಬಜೆಟ್ 10 ಸಾವಿರ ಕೋಟಿ ಡಾಲರಿನ ಒಳಗೆ ಬಂದರೆ ಮಾತ್ರ ಅಂತ ಪಟ್ಟು ಹಿಡಿದಿದ್ದರು. ಜಾನ್ಸನ್ ಕೂತು ಖರ್ಚು ಕತ್ತರಿಸಿ, ಅದರೊಳಗೇ ತಂದು ಕೊಟ್ಟರು. ಒಂದು ಬಾಗಿಲು ತೆರೆಯಿತು.

ಇನ್ನು ಸೆನೆಟ್. ಅಲ್ಲಿ ಯಾರು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಮಾತಾಡಿ ಮಸೂದೆಯನ್ನು ತಡೆಯಬಹುದಿತ್ತು. ಮಾತು ನಿಲ್ಲಿಸಲು ಆಗ 100ರಲ್ಲಿ 67 ಮತ ಬೇಕಿತ್ತು. ತಡೆಯುವ ಗುಂಪಿನ ನಾಯಕ ಜಾರ್ಜಿಯಾದ ರಿಚರ್ಡ್ ರಸೆಲ್. ಜಾನ್ಸನ್‌ರನ್ನು ಸೆನೆಟಿನಲ್ಲಿ ಕೈ ಹಿಡಿದು ಬೆಳೆಸಿದ ಗುರು. ಸ್ವಂತ ಪಕ್ಷದ ದಕ್ಷಿಣದವರೆಲ್ಲ ಆ ಕಡೆ. ಎಣಿಕೆ ಸರಿಹೋಗಬೇಕಾದರೆ ಎದುರು ಪಕ್ಷದ ನಾಯಕ ಎವರೆಟ್ ಡರ್ಕ್ಸನ್ ಬೇಕೇ ಬೇಕು. ಸೆನೆಟಿನಲ್ಲಿ ಮಸೂದೆ ನೋಡಿಕೊಳ್ಳುತ್ತಿದ್ದ ಹ್ಯೂಬರ್ಟ್ ಹಂಫ್ರಿಗೆ ಜಾನ್ಸನ್ ಹೇಳಿದ್ದಿಷ್ಟೆ: ಡರ್ಕ್ಸನ್ ಜೊತೆ ಕೂತು ಮಾತಾಡು, ಅವರ ಮಾತು ಕೇಳು, ಅವರಿಗೆ ದೊಡ್ಡ ಹೆಸರು ಬರುವ ಹಾಗೆ ನೋಡಿಕೋ. ತನಗೇ ಎಲ್ಲ ಹೆಸರೂ ಬೇಕು ಅನ್ನುವ ಸ್ವಭಾವದ ಮನುಷ್ಯ ಈ ಒಂದು ಕೆಲಸಕ್ಕೆ ಹೆಸರನ್ನು ಬಿಟ್ಟುಕೊಟ್ಟರು. ನನಗೆ ತುಂಬಾ ಹಿಡಿಸಿದ್ದು ಇದೇ.

1964ರ ಜೂನ್ 10ರಂದು ಮತ ಎಣಿಕೆ. ಹಿಂದಿನ ಸಂಜೆ ಮಾತು ಶುರು ಮಾಡಿದ್ದ ಸೆನೆಟರ್ ಒಬ್ಬರು 14 ಗಂಟೆಗೂ ಜಾಸ್ತಿ ಮಾತಾಡಿ ಆ ಬೆಳಗ್ಗೆಯಷ್ಟೇ ಕೂತಿದ್ದರು. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ತಂದರು. ಮೆದುಳಿನಲ್ಲಿ ಗಡ್ಡೆಯಾಗಿ ಅವರಿಗೆ ಮಾತು ಹೋಗಿತ್ತು. ಹೆಸರು ಕೂಗಿದಾಗ ಕೈ ಎತ್ತಿ ತಮ್ಮ ಕಣ್ಣನ್ನು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ 'ಹೌದು' ಅನ್ನುವ ಮತಕ್ಕೂ ಉಚ್ಚಾರ ಒಂದೇ, 'ಐ'. ಆ ಮತವೂ ಸೇರಿ 71 ಆಯಿತು. ಎಂಗಲ್ ಮುಂದಿನ ತಿಂಗಳೇ ತೀರಿಕೊಂಡರು. ಜುಲೈ 2ರಂದು ಜಾನ್ಸನ್ ಸಹಿ ಹಾಕಿದರು. ಅದೇ ವರ್ಷದ ಚುನಾವಣೆಯಲ್ಲಿ ದೇಶವಿಡೀ ಅವರನ್ನು ಭಾರಿ ಬಹುಮತದಿಂದ ಗೆಲ್ಲಿಸಿದರೂ ದಕ್ಷಿಣದ ಐದು ರಾಜ್ಯಗಳು ಅವರ ಕೈಬಿಟ್ಟವು.

ಮುಂದಿನ ವರ್ಷ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ಮತದ ಹಕ್ಕು ಕೇಳಿ ಸೇತುವೆ ಮೇಲೆ ನಡೆದುಬಂದವರನ್ನು ಪೊಲೀಸರು ಲಾಠಿಯಲ್ಲಿ ಹೊಡೆದರು. ಎಂಟು ದಿನಕ್ಕೆ ಜಾನ್ಸನ್ ಸಂಸತ್ತಿನ ಮುಂದೆ ನಿಂತರು. ಅಲ್ಲಿ ಕೊಟುಲಾದ ಮಕ್ಕಳನ್ನು ನೆನೆದರು. ಆ ಮಕ್ಕಳ ಮಕ್ಕಳಿಗೆ ಸಹಾಯ ಮಾಡುವ ಅವಕಾಶ ಸಿಗುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ, ಈಗ ಸಿಕ್ಕಿದೆ, ಬಳಸಿಯೇ ತೀರುತ್ತೇನೆ ಅಂದರು. ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು. ಮಿಸಿಸಿಪಿಯಲ್ಲಿ ಮತಪಟ್ಟಿಯಲ್ಲಿದ್ದ ಕಪ್ಪು ಜನ ಅದಕ್ಕೆ ಮುಂಚೆ ನೂರಕ್ಕೆ 7 ಕೂಡ ಇರಲಿಲ್ಲ. 1967ರ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ. ಮುದುಕರಿಗೆ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಮೆಡಿಕೇರ್ ಕೂಡ ಅದೇ ಬೇಸಿಗೆಯದು.

ನನ್ನ ಬದುಕಿಗೆ ನೇರವಾಗಿ ತಾಗಿದ ಸಹಿ ಆ ಅಕ್ಟೋಬರ್ 3ರದು. ಅಲ್ಲಿಯವರೆಗೆ ಭಾರತಕ್ಕಿದ್ದ ವಲಸೆಯ ಪಾಲು ವರ್ಷಕ್ಕೆ 100 ಜನ. ಹುಟ್ಟಿದ ದೇಶ ನೋಡಿ ಪಾಲು ಹಂಚುವ ಆ ಪದ್ಧತಿಯನ್ನು ಜಾನ್ಸನ್ ಲಿಬರ್ಟಿ ಪ್ರತಿಮೆಯ ಕೆಳಗೆ ಕೂತು ತೆಗೆದುಹಾಕಿದರು. ಇದೇನು ಕ್ರಾಂತಿಕಾರಿ ಮಸೂದೆಯಲ್ಲ ಅಂತ ಅವರೇ ಅವತ್ತು ಹೇಳಿದ್ದರು. ಆಮೇಲೆ ಬಂದ ಕನ್ನಡದ ಡಾಕ್ಟರುಗಳು, ಎಂಜಿನಿಯರುಗಳು, ಅವರ ಹಿಂದೆ ನಾನು, ಎಲ್ಲರೂ ಒಳಗೆ ಬಂದದ್ದು ಅದೇ ಬಾಗಿಲಿನಿಂದ.

ಭಾರತದ ಜೊತೆಗಿನ ನಂಟು ಮಾತ್ರ ಅಷ್ಟು ಸಿಹಿಯಲ್ಲ. 1965, 1966, ಎರಡು ವರ್ಷವೂ ನಮ್ಮಲ್ಲಿ ಮಳೆ ಕೈಕೊಟ್ಟಿತು. ಜಾನ್ಸನ್ ರಾಶಿ ರಾಶಿ ಗೋಧಿ ಕಳಿಸಿದರು, ನಿಜ. ಆದರೆ ಒಂದೊಂದು ಕಂತನ್ನೂ ತಮ್ಮ ಕೈಯಲ್ಲೇ ಹಿಡಿದು, ಕಾಯಿಸಿ ಕಾಯಿಸಿ ಬಿಟ್ಟರು. ಬೇಸಾಯ ಸುಧಾರಿಸಿ ಅನ್ನುವ ಒತ್ತಾಯ ಒಂದು. ವಿಯೆಟ್ನಾಂ ಬಾಂಬಿಂಗನ್ನು ಭಾರತ ಟೀಕಿಸಿತು ಅನ್ನುವ ಸಿಟ್ಟು ಇನ್ನೊಂದು. ಅಮ್ಮ ಪ್ರೈಮರಿ ಶಾಲೆಯಲ್ಲಿ ತಿಂದ ಉಪ್ಪಿಟ್ಟು ಅಮೆರಿಕದ ಗೋಧಿಯದು. ಅದರ ವಾಸನೆ ಇನ್ನೂ ನೆನಪಿದೆ ಅನ್ನುತ್ತಾರೆ. ಹಸಿದ ದೇಶವನ್ನು ಹಾಗೆ ಕಾಯಿಸಿದ್ದು ತಪ್ಪು ಅಂತಲೇ ನನ್ನ ಅನಿಸಿಕೆ. ಹಸಿದ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ಅವರು.

ಇನ್ನು ವಿಯೆಟ್ನಾಂ. ಸೆನೆಟಿನಲ್ಲಿ ಪ್ರತಿ ಮನುಷ್ಯನಿಗೂ ಒಂದು ಬೆಲೆ ಇದೆ, ಕೂತು ಮಾತಾಡಿದರೆ ಒಪ್ಪಂದ ಆಗಿಯೇ ಆಗುತ್ತದೆ ಅಂತ ನಂಬಿ ಬೆಳೆದವರು. ಉತ್ತರ ವಿಯೆಟ್ನಾಮಿನ ನಾಯಕ ಹೋ ಚಿ ಮಿನ್ ಹತ್ತಿರ ಆ ವಿದ್ಯೆ ನಡೆಯಲಿಲ್ಲ. ಸೋತು ಹಿಂದೆ ಬಂದ ಅಧ್ಯಕ್ಷ ಅನ್ನಿಸಿಕೊಳ್ಳುವ ಭಯ ಅವರನ್ನು ಮುಂದೆ ಮುಂದೆ ತಳ್ಳಿತು. 1968ರ ಹೊತ್ತಿಗೆ 5 ಲಕ್ಷಕ್ಕೂ ಜಾಸ್ತಿ ಅಮೆರಿಕನ್ ಸೈನಿಕರು ಅಲ್ಲಿದ್ದರು. ಸತ್ತ ವಿಯೆಟ್ನಾಮಿಗಳ ಲೆಕ್ಕ ಲಕ್ಷಗಳಲ್ಲಿ. ಜನರಿಗೆ ನಿಜ ಹೇಳಲಿಲ್ಲ ಅನ್ನುವುದು ಅದಕ್ಕಿಂತ ಕಡಿಮೆ ತಪ್ಪೇನಲ್ಲ. ಆ ವರ್ಷ ಮಾರ್ಚ್ 31ರಂದು, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಅಂತ ಟೀವಿಯಲ್ಲಿ ಹೇಳಿದರು. ಇದನ್ನೆಲ್ಲ ಮನ್ನಿಸಿ ಅವರನ್ನು ದೊಡ್ಡವರು ಅನ್ನುತ್ತಿಲ್ಲ ನಾನು. ಇದೂ ಅವರದೇ, ಅದೂ ಅವರದೇ.

ಆಸ್ಟಿನ್ನಿನಲ್ಲಿ ಅವರ ಹೆಸರಿನ ಗ್ರಂಥಾಲಯವಿದೆ. 1972ರ ಡಿಸೆಂಬರಿನಲ್ಲಿ ಅಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ಒಂದು ಸಭೆ ನಡೆಯಿತು. ಊರೆಲ್ಲ ಹಿಮ ಕಟ್ಟಿತ್ತು. ಹೃದಯದ ಕಾಯಿಲೆ ಜೋರಾಗಿದ್ದರೂ ಜಾನ್ಸನ್ ತೋಟದ ಮನೆಯಿಂದ ಬಂದರು. ಮಾತಿನ ಮಧ್ಯೆ ಎದೆ ನೋವು ಬಂದು, ವೇದಿಕೆಯಲ್ಲೇ ಮಾತ್ರೆ ಬಾಯಿಗೆ ಹಾಕಿಕೊಂಡರು. ಅಷ್ಟು ವರ್ಷ ಅಧಿಕಾರದಲ್ಲಿದ್ದೂ ಇನ್ನೂ ಜಾಸ್ತಿ ಮಾಡಲಾಗಲಿಲ್ಲವಲ್ಲ, ನಾಚಿಕೆಯಾಗುತ್ತದೆ ಅಂದರು. ಮುಂದಿನ ಜನವರಿ 22ರಂದು ತೀರಿಕೊಂಡರು. ಸಮಾಧಿ ಅದೇ ಪೆಡರ್ನಾಲೆಸ್ ದಂಡೆಯಲ್ಲಿ, ಓಕ್ ಮರಗಳ ನೆರಳಲ್ಲಿ ಇದೆ. ಅಪ್ಪ ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಉಪ್ಪಿಟ್ಟಿನ ಕಥೆ ಅಮ್ಮ ನನಗೆ ಮೊದಲ ಸಲ ಹೇಳಿದ್ದು ಅಲ್ಲೇ.