ಬ್ರಹ್ಮಗಿರಿಯ ಬಂಡೆ ಮತ್ತು ಆಕಾಶದ ಓಲೆ

ಅನ್ಯಲೋಕದವರು ಎಂದೊಡನೆ ಹಾರುವ ತಟ್ಟೆ ನೆನಪಾಗುತ್ತದೆ. ಸಂಪರ್ಕ ಆಗುವುದಿದ್ದರೆ ಅದು ರೇಡಿಯೊ ಅಲೆಯಿಂದ ಆಗುವ ಸಾಧ್ಯತೆಯೇ ಹೆಚ್ಚು: ಕೆಲವೇ ಹರ್ಟ್ಜ್ ಅಗಲದ, ಗೆರೆಯಷ್ಟು ಸಪೂರ ಸಂಕೇತ.

ಅದನ್ನು ಸೋಸುವ ಕೆಲಸದಲ್ಲಿ ನಾವು ಪಳಗಿದ್ದೇವೆ. ರೇಡಿಯೊ ದೂರದರ್ಶಕವನ್ನು ನಕ್ಷತ್ರದ ಕಡೆ 5 ನಿಮಿಷ, ಪಕ್ಕದ ಆಕಾಶಕ್ಕೆ 5 ನಿಮಿಷ, ಹೀಗೆ ಮೂರು ಸಲ ತಿರುಗಿಸಬೇಕು. ಪಕ್ಕಕ್ಕೆ ಸರಿಸಿದಾಗಲೂ ಕೇಳಿಸಿದರೆ ಅದು ನಮ್ಮದೇ ಗದ್ದಲ. ಭೂಮಿ ತಿರುಗುವುದರಿಂದ ದೂರದ ಸಂಕೇತದ ಆವರ್ತನ ಜಾರುತ್ತಲೂ ಇರಬೇಕು. ಹೈಡ್ರೋಜನ್ ಹೊಮ್ಮಿಸುವ 1420 ಮೆಗಾಹರ್ಟ್ಜ್‌ ಆವರ್ತನದಲ್ಲಿ ಈ ಜಾರಿಕೆಗೆ ಭೂಮಿಯ ತಿರುಗುವಿಕೆಯ ಪಾಲು ಸೆಕೆಂಡಿಗೆ ಹೆಚ್ಚೆಂದರೆ 0.16 ಹರ್ಟ್ಜ್. ಕೊಂಚವೂ ಜಾರದಿದ್ದರೆ ಮೊದಲು ಅಕ್ಕಪಕ್ಕದ ಯಂತ್ರಗಳನ್ನೇ ಶಂಕಿಸಬೇಕು. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕಕ್ಕೆ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯ ದಿಕ್ಕಿನಿಂದ 982 ಮೆಗಾಹರ್ಟ್ಜ್‌ನಲ್ಲಿ ಸಿಕ್ಕ ಸಂಕೇತ ಈ ಎರಡೂ ಪರೀಕ್ಷೆ ದಾಟಿತ್ತು. ಅದೇ ಜಾಡಿನವು ಬೇರೆ ಆವರ್ತನಗಳಲ್ಲೂ ಕಂಡ ಮೇಲೆ, 2021ರಲ್ಲಿ, ಅದು ಮನುಷ್ಯರ ಉಪಕರಣದ್ದೆಂದು ತೀರ್ಮಾನವಾಯಿತು.

ನನ್ನ ಚಿಂತೆ ಇರುವುದು ಓದುವ ಹಂತದಲ್ಲಿ. ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬರೆದವರು ಮನುಷ್ಯರೇ, ಆ ಬ್ರಾಹ್ಮಿಯೇ ಕನ್ನಡ ಲಿಪಿಗೂ ಮೂಲ. ಆದರೂ ಶತಮಾನಗಟ್ಟಲೆ ಅದನ್ನು ಓದಬಲ್ಲವರಿರಲಿಲ್ಲ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್‌ಗೆ ದಾರಿ ಸಿಕ್ಕಿದ್ದು ಸಾಂಚಿಯಲ್ಲಿ: ಸಣ್ಣ ಸಣ್ಣ ಬರಹಗಳ ಕೊನೆಗೆ ಅವೇ ಎರಡು ಅಕ್ಷರ ಬರುತ್ತಿದ್ದವು, ಅದು ‘ದಾನಂ’ ಇರಬೇಕೆಂದು ಊಹಿಸಿದ. ದಾನ ಕೊಟ್ಟವರ ಹೆಸರನ್ನು ಕಲ್ಲಲ್ಲಿ ಕೆತ್ತಿಸುವ ರೂಢಿ ಗೊತ್ತಿದ್ದರಿಂದ ಆ ಊಹೆ ಹೊಳೆಯಿತು. ಅನ್ಯಲೋಕದವರ ಯಾವ ರೂಢಿ ನಮಗೆ ಗೊತ್ತು? ಉಳಿಯುವುದು ಗಣಿತವೊಂದೇ. 1974ರಲ್ಲಿ ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ನಾವು ಕಳಿಸಿದ ಸಂದೇಶದಲ್ಲಿ 1679 ಬಿಟ್‌ಗಳಿದ್ದವು, ಅಂದರೆ ಅಷ್ಟು ಸೊನ್ನೆ-ಒಂದುಗಳು. ಅದು 23 ಮತ್ತು 73ರ ಗುಣಲಬ್ಧ. ಎರಡೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ ಬಿಟ್‌ಗಳನ್ನು ಸಾಲಿಗೆ 23ರಂತೆ 73 ಸಾಲಾಗಿ ಜೋಡಿಸಿ ಚಿತ್ರ ಮಾಡಬಹುದು. ಚಿತ್ರದ ಅರ್ಥವೇನೆಂಬುದು ಬೇರೆಯೇ ಪ್ರಶ್ನೆ.

ಓದಲು ಬರದಿದ್ದರೂ ಬ್ರಹ್ಮಗಿರಿಯ ಬಂಡೆ ಉಳಿದಿತ್ತು, ಹಾಗಾಗಿ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಕಣ್ಣಿಗೆ ಬಿದ್ದಾಗ ಓದಲಾಯಿತು. ಸಂಕೇತಕ್ಕೂ ಇದೇ ಮಾತು. 1977ರಲ್ಲಿ ಅಮೆರಿಕದ ರೇಡಿಯೊ ದೂರದರ್ಶಕವೊಂದಕ್ಕೆ ಸಿಕ್ಕ ‘ವಾವ್’ ಸಂಕೇತ 72 ಸೆಕೆಂಡು ಕೇಳಿಸಿತು, ಆದರೆ ದಾಖಲಾದದ್ದು 12 ಸೆಕೆಂಡಿಗೊಂದು ಅಂಕಿ ಅಥವಾ ಅಕ್ಷರ, ಅಷ್ಟೇ. ಅದರೊಳಗೆ ಸಂದೇಶ ಇದ್ದಿದ್ದರೂ ಅಳಿಸಿಹೋಗಿದೆ. ಅನುಮಾನ ಬಂದ ಕೂಡಲೇ ಸರಾಸರಿ ಮಾಡದ ಕಚ್ಚಾ ದತ್ತಾಂಶವನ್ನೇ ಹಾಗೆಯೇ ತೆಗೆದಿಡಬೇಕು, ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ.

ಇನ್ನು ಉತ್ತರ. ಅಂತರರಾಷ್ಟ್ರೀಯ ಸಮಾಲೋಚನೆ ಇಲ್ಲದೆ ಉತ್ತರಿಸಬಾರದೆಂದು ಇಂಥ ಸಂಕೇತ ಹುಡುಕುವ ವಿಜ್ಞಾನಿಗಳ 1989ರ ಘೋಷಣೆ ಹೇಳುತ್ತದೆ, ಆದರೆ ಅದಕ್ಕೆ ಕಾನೂನಿನ ಬಲವಿಲ್ಲ. ದೊಡ್ಡ ಪ್ರಸಾರ ಯಂತ್ರವಿದ್ದವರು ಯಾರು ಬೇಕಾದರೂ ಮಾತಾಡಬಹುದು. ಅತಿ ಹತ್ತಿರದ ಪ್ರಾಕ್ಸಿಮಾಕ್ಕೂ ನಮ್ಮ ಮಾತು ತಲುಪಲು 4 ವರ್ಷಕ್ಕಿಂತ ಹೆಚ್ಚು ಬೇಕು; ಎಲ್ಲರೂ ಕೂತು ಯೋಚಿಸಲು ಒಂದು ವರ್ಷ ತೆಗೆದುಕೊಂಡರೆ ಏನೂ ನಷ್ಟವಿಲ್ಲ.