ಸ್ಟ್ರೈಕ್ ಬೀಳುತ್ತಿದ್ದ ಕೈಯನ್ನೇ ಬದಲಾಯಿಸಬೇಕಾಗಿ ಬಂದಾಗ

ಏನೂ ಬಾರದ ಹುಡುಗಿಗೆ ಸಾಫ್ಟ್‌ಬಾಲ್ ಪಿಚಿಂಗ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವುದನ್ನು, ಹೇಳಿಕೊಡುವುದಕ್ಕೆ ತಾಳ್ಮೆ ಇದ್ದರೆ ಸಾಕು. ಆಗಲೇ ಸ್ಟ್ರೈಕ್ (ಬ್ಯಾಟರ್‌ಗೆ ಹೊಡೆಯಲು ಸಿಗುವ ಜಾಗದಲ್ಲಿ ಸರಿಯಾಗಿ ಹೋಗುವ ಎಸೆತ) ಹಾಕುತ್ತಿರುವ, ಪಂದ್ಯ ಗೆಲ್ಲಿಸುತ್ತಿರುವ ಹುಡುಗಿಯ ಕೈ ತಿರುಗುವ ರೀತಿಯನ್ನು ಬದಲಾಯಿಸುವುದು ಬೇರೆಯೇ ಕೆಲಸ. ಹಳೆಯದು ಕೆಲಸ ಮಾಡುತ್ತಿರುವಾಗ ಹೊಸದು ಯಾರಿಗೆ ಬೇಕು ಹೇಳಿ?

ನಾನು ನ್ಯೂಜೆರ್ಸಿಯಲ್ಲಿ ಸಾಫ್ಟ್‌ಬಾಲ್ ಪಿಚಿಂಗ್ ಹೇಳಿಕೊಡುತ್ತೇನೆ. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಡಿದ್ದೆ. ಇಲ್ಲಿಗೆ ಬಂದ ಮೇಲೆ ಅದೇ ಅನ್ನದ ದಾರಿಯಾಯಿತು. ಚಳಿಗಾಲದಲ್ಲಿ ಗೋದಾಮಿನಂಥ ಒಂದು ದೊಡ್ಡ ಕಟ್ಟಡ, ಒಳಗೆ ಬಲೆ ಕಟ್ಟಿದ ಓಣಿಗಳು. ಅದರಲ್ಲೊಂದು ಓಣಿ ನನ್ನದು.

ಕ್ರಿಕೆಟ್ ಮಾತ್ರ ನೋಡಿದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಸಾಫ್ಟ್‌ಬಾಲ್ ಪಿಚರ್ ಕೈಯನ್ನು ಮುಂದಿನಿಂದ ತಲೆಯ ಮೇಲೆ, ಅಲ್ಲಿಂದ ಹಿಂದಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರ ಕೆಳಗಿನಿಂದ ಚೆಂಡು ಬಿಡುತ್ತಾಳೆ. ಕೆಳಗಿನಿಂದ ಅಂದ ಕೂಡಲೇ ನಿಧಾನ ಅಂದುಕೊಳ್ಳಬೇಡಿ. ಅಮೆರಿಕದ ಮೋನಿಕಾ ಅಬಾಟ್ 2012ರಲ್ಲಿ ಗಂಟೆಗೆ 77 ಮೈಲಿ ವೇಗದಲ್ಲಿ ಎಸೆದಿದ್ದಾರೆ. ಅಂದರೆ ಸುಮಾರು 124 ಕಿಲೋಮೀಟರ್. ಅದೂ 43 ಅಡಿಯಿಂದ. ಕ್ರಿಕೆಟ್ ಪಿಚ್ 66 ಅಡಿ.

ನನ್ನ ಹತ್ತಿರ ಬಂದ ಹುಡುಗಿಗೆ 12 ವರ್ಷ. ಅಪ್ಪ ದಾವಣಗೆರೆ ಕಡೆಯವರು. ಭುಜದ ಮುಂಭಾಗದಲ್ಲಿ ನೋವು ಅಂತ ಬಂದಿದ್ದರು. ಮೊದಲು ಡಾಕ್ಟರಿಗೆ ತೋರಿಸಿ ಅಂದೆ. ತೋರಿಸಿದರು, ವಿಶ್ರಾಂತಿ ಕೊಡಿಸಿದರು, ನೋವು ಇಳಿದ ಮೇಲೆ ವಾಪಸ್ ಬಂದರು. ಕೆಳಗಿನಿಂದ ಎಸೆಯೋದು ಸಹಜ ಚಲನೆ, ಭುಜಕ್ಕೆ ಏನೂ ಆಗಲ್ಲ ಅನ್ನೋ ನಂಬಿಕೆ ಇಲ್ಲಿ ಬಹಳ ಗಟ್ಟಿ. ಅಳೆದು ನೋಡಿದವರು ಹೇಳುವುದೇ ಬೇರೆ. ಚೆಂಡು ಬಿಡುವ ಹೊತ್ತಿಗೆ ಭುಜದ ಕೀಲನ್ನು ಹೊರಗೆ ಎಳೆಯುವ ಬಲ ದೇಹದ ತೂಕದ ಹತ್ತಿರಕ್ಕೆ ಹೋಗುತ್ತದೆ. ಆದರೂ ಹೈಸ್ಕೂಲ್ ಬೇಸ್‌ಬಾಲ್ ಹುಡುಗರಿಗೆ 2017ರಿಂದ ಪಿಚ್, ಅಂದರೆ ಎಸೆತ, ಎಣಿಸಿ ಮಿತಿ ಹಾಕುವ ನಿಯಮ ಕಡ್ಡಾಯವಾಯಿತು, ಸಾಫ್ಟ್‌ಬಾಲ್ ಹುಡುಗಿಯರನ್ನು ಬಿಟ್ಟರು. ಕೇಳಿದರೆ ಜಪಾನಿನ ಯುಕಿಕೊ ಉಯೆನೊ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡು ದಿನದಲ್ಲಿ 413 ಪಿಚ್ ಹಾಕಿದ ಕತೆ ಹೇಳುತ್ತಾರೆ. ಉಯೆನೊ ಹಾಕಿದರು ಸರಿ, ಅದನ್ನ ತಂದು ಐದನೇ ಕ್ಲಾಸಿನ ಮಗುವಿಗೆ ಅನ್ವಯಿಸೋದಾ?

ಈ ಹುಡುಗಿಯ ತೊಂದರೆ ಎಲ್ಲಿ ಶುರುವಾಯಿತು ಅನ್ನುವುದು ಊಹಿಸಲು ಕಷ್ಟವಿರಲಿಲ್ಲ. 10 ವರ್ಷದವರೆಗೆ 35 ಅಡಿ ದೂರ, 11 ಇಂಚು ಸುತ್ತಳತೆಯ ಚೆಂಡು. ಅದಾದ ಮೇಲೆ 40 ಅಡಿ, 12 ಇಂಚಿನ ಚೆಂಡು. ಚೆಂಡನ್ನು ತಳ್ಳಿ ತಳ್ಳಿ ಎಸೆಯುವವರಿಗೆ ಚಿಕ್ಕ ದೂರದಲ್ಲಿ ನಡೆಯುತ್ತದೆ. ದೂರ ಜಾಸ್ತಿಯಾದಾಗ ಆ ಜಾಸ್ತಿಯನ್ನೆಲ್ಲ ಭುಜವೇ ತುಂಬಿಕೊಡಬೇಕು.

ಅವಳಿಗೆ ಕಲಿಸಿದ್ದು ಇಲ್ಲಿ ‘ಹಲೋ ಎಲ್ಬೋ’ ಅನ್ನುವ ಶೈಲಿ. ಕೈ ಹಿಂದೆ ಬಂದಾಗ ಅಂಗೈ ನೆಲದ ಕಡೆ. ಅಲ್ಲಿಂದ ಚೆಂಡನ್ನು ಕೆಳಕ್ಕೆ ತಳ್ಳಿ, ಮಣಿಕಟ್ಟು ಮುರಿದು, ಬಿಟ್ಟ ಮೇಲೆ ಮೊಣಕೈಯನ್ನು ಬ್ಯಾಟರ್ ಕಡೆ ಎತ್ತಬೇಕು. ನಾನು ಹೇಳಿಕೊಡುವುದು ಇದಕ್ಕೆ ಉಲ್ಟಾ. ಕೈ ಹಿಂದೆ ಇರುವಾಗ ಅಂಗೈ ಆಕಾಶದ ಕಡೆ. ಇಳಿಯುವಾಗ ಮೊಣಕೈ ಮುಂದೆ, ಚೆಂಡು ಹಿಂದೆ. ಸೊಂಟದ ಪಕ್ಕದಲ್ಲಿ ಮುಂದೋಳು ಮೈಗೆ ತಾಗುತ್ತದೆ, ತಾಗಿದಾಗ ಮೇಲ್ತೋಳಿನ ವೇಗ ಇಳಿಯುತ್ತದೆ, ಮುಂದೋಳು ಒಳಕ್ಕೆ ತಿರುಗಿ ಚೆಂಡು ಹಾರುತ್ತದೆ. ತಮಾಷೆ ಏನೆಂದರೆ, ಶಿಬಿರಗಳಲ್ಲಿ ಮೊಣಕೈ ಎತ್ತಿ ಅಂತ ಹೇಳುವ ಎಷ್ಟೋ ದೊಡ್ಡ ಆಟಗಾರ್ತಿಯರ ನಿಧಾನಗತಿಯ ವಿಡಿಯೋ ನೋಡಿದರೆ, ಅವರು ತಾವು ಹೇಳಿದ್ದನ್ನು ಮಾಡುತ್ತಿರುವುದಿಲ್ಲ.

ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. “ಚಂದ್ರ ಆ್ಯಕ್ಷನ್ ಯಾರಾದ್ರೂ ಬದಲಾಯಿಸಿದ್ರಾ ಮೇಡಂ? ಬದಲಾಯಿಸಿದ್ರೆ ಓವಲ್‌ನಲ್ಲಿ ಆ 6 ವಿಕೆಟ್ ಬರ್ತಿತ್ತಾ?” ಅಂದರು. 1971ರ ಆ ಟೆಸ್ಟ್ ನಡೆದಾಗ ಅವರಿನ್ನೂ ಹುಟ್ಟಿರಲಿಲ್ಲ, ಆದರೂ ಪಕ್ಕದಲ್ಲೇ ನಿಂತು ನೋಡಿದವರ ಹಾಗೆ ಹೇಳಿದರು. ವಾದ ಒಳ್ಳೆಯದೇ. ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಪೋಲಿಯೋದಿಂದ ಸೊರಗಿತ್ತು, ಫೀಲ್ಡಿಂಗ್‌ನಲ್ಲಿ ಎಡಗೈಯಲ್ಲಿ ಎಸೆಯುತ್ತಿದ್ದರು, ಬೌಲಿಂಗ್ ಮಾತ್ರ ಬಲಗೈಯಲ್ಲಿ. ಆ ಆ್ಯಕ್ಷನ್ ಆ ಕೈಯಿಂದಲೇ ಹುಟ್ಟಿದ್ದು. ನಿಮ್ಮ ಮಗಳದ್ದು ಯಾರೋ ಮಾಡಿಸಿ ಹೇರಿದ್ದು ಅಂದೆ. ನಂಬಲಿಲ್ಲ. ಅವಳ ಕೈಗೆ ಒಂದು ಟೆನಿಸ್ ಚೆಂಡು ಕೊಟ್ಟು, “ಪಿಚ್ ಮಾಡಬೇಡ, ಸುಮ್ನೆ ಕೆಳಗಿಂದ ಆ ಗೋಡೆಗೆ ಜೋರಾಗಿ ಹೊಡಿ” ಅಂದೆ. ಹೊಡೆದಳು. ಫೋನಿನಲ್ಲಿ ನಿಧಾನ ಮಾಡಿ ಅಪ್ಪನಿಗೆ ತೋರಿಸಿದೆ. ಮುಂದೋಳು ತಾನಾಗಿಯೇ ಒಳಕ್ಕೆ ತಿರುಗಿತ್ತು. ಎರಡು ಸಲ ನೋಡಿದರು, ಏನೂ ಹೇಳಲಿಲ್ಲ. ಮುಂದಿನ ವಾರ ಕರೆದುಕೊಂಡು ಬಂದರು.

ನವೆಂಬರ್‌ನಲ್ಲಿ ಶುರು ಮಾಡಿದೆವು, ಶರತ್ಕಾಲದ ಪಂದ್ಯಗಳು ಮುಗಿದ ಮೇಲೆ. ಮಾರ್ಚ್‌ವರೆಗೆ ಪಂದ್ಯ ಬೇಡ ಅನ್ನುವುದು ನನ್ನ ಷರತ್ತು. ನಡುವೆ ಒಂದು ಒಳಾಂಗಣ ಟೂರ್ನಮೆಂಟ್‌ಗೆ ತಂಡದವರು ಕರೆದರು. ಕಳಿಸಿದ್ದರೆ ಅಷ್ಟೂ ನೀರಿನಲ್ಲಿ ಮಾಡಿದ ಹೋಮ. ಪಂದ್ಯ ಅಂದರೆ ಸ್ಟ್ರೈಕ್ ಬೇಕು, ಸ್ಟ್ರೈಕ್ ಬೇಕು ಅಂದರೆ ಕೈ ತನಗೆ ಗೊತ್ತಿರುವ ದಾರಿಯನ್ನೇ ಹಿಡಿಯುತ್ತದೆ.

ಹಾಗಾಗಿ ಮೊದಲ ಕೆಲಸ, ಸ್ಟ್ರೈಕ್ ಅನ್ನುವುದನ್ನೇ ಅಲ್ಲಿಂದ ಎತ್ತಿಬಿಟ್ಟೆ. ಗುರಿಗೆ ಪ್ಲೇಟ್ ಇಲ್ಲ, ಚೆಂಡು ಹಿಡಿಯಲು ಕ್ಯಾಚರ್ ಇಲ್ಲ. ವೇಗ ಅಳೆಯುವ ಪುಟ್ಟ ರಾಡಾರ್ ಕಾರಿನಲ್ಲೇ ಇರಲಿ ಅಂದೆ. ಇಲ್ಲಿ ಅಪ್ಪಂದಿರು ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಮಗಳ ಪಿಚ್ ಹಿಡಿಯುವುದು ಒಂದು ಸಂಪ್ರದಾಯ. ಆ ಬಕೆಟ್ಟಿನಿಂದ ಇವರನ್ನು ಎಬ್ಬಿಸಿ ವಿಡಿಯೋ ತೆಗೆಯುವ ಕೆಲಸ ಕೊಟ್ಟೆ, ಸೆಕೆಂಡಿಗೆ 240 ಫ್ರೇಮ್‌ನಲ್ಲಿ. ಇದರ ಲಾಭ ನಾನಂದುಕೊಂಡಿದ್ದಕ್ಕಿಂತ ಜಾಸ್ತಿ. ಕೂಗಿ ಹೇಳುವುದು ನಿಂತಿತು, ನೋಡುವುದು ಶುರುವಾಯಿತು.

ಹುಡುಗಿಯನ್ನು ಬಲೆಯಿಂದ ಎರಡು ಹೆಜ್ಜೆ ದೂರದಲ್ಲಿ ನಿಲ್ಲಿಸಿದೆ. ಕೈ ಹಿಂದೆ, ಅಂಗೈ ಮೇಲೆ, ಅಲ್ಲಿಂದಲೇ ಬಿಡು. ಪೂರ್ತಿ ಸುತ್ತು ಬೇಡ. ಮೊದಲ ದಿನ ಒಂದು ಚೆಂಡು ಚಾವಣಿಗೆ, ಒಂದು ಅವಳ ಕಾಲಿಗೆ, ಮತ್ತೊಂದು ಪಕ್ಕದ ಓಣಿಯ ಬಲೆಗೆ. ಕಣ್ಣಲ್ಲಿ ನೀರು ತುಂಬಿತ್ತು. “ಕಣ್ಣು ಮುಚ್ಚು” ಅಂದೆ. “ಚೆಂಡು ಎಲ್ಲಿ ಹೋಯ್ತು ಅಂತ ನನಗೆ ಬೇಡ. ಕೈ ಸೊಂಟಕ್ಕೆ ತಾಗ್ತಾ, ಇಲ್ವಾ, ಅಷ್ಟೇ ಹೇಳು.”

“ಇಲ್ಲ.” “ಇಲ್ಲ.” “ತಾಗ್ತು ಅನ್ಸತ್ತೆ ಕೋಚ್.” “ಇಲ್ಲ.” “ತಾಗ್ತು!”

ಆಮೇಲೆ ಅದೇ ನಮ್ಮ ಲೆಕ್ಕವಾಯಿತು. ಕ್ಲಾಸ್ ಮುಗಿದಾಗ ಮುಂದೋಳಿನ ಒಳಬದಿಯಲ್ಲಿ ಕೆಂಪು ಗುರುತು ಇದ್ದರೆ ಆವತ್ತು ಒಳ್ಳೆಯ ದಿನ. ಈ ವಯಸ್ಸಿನ ಮಗುವಿಗೆ ಹೊಸ ಚಲನೆ ಕಲಿಯುವುದು ಅಷ್ಟು ಕಷ್ಟವಲ್ಲ. ತಾನು ಸೋಲುತ್ತಿದ್ದೇನೆ ಅನ್ನಿಸುತ್ತಾ ಕಲಿಯುವುದು ಕಷ್ಟ. ಗೆಲ್ಲಲು ಬೇರೆ ಏನಾದರೂ ಕೊಡಬೇಕು.

“ಮೊಣಕೈ ಎತ್ತಬೇಡ” ಅಂತ ನಾನು ಹೇಳುವುದೇ ಇಲ್ಲ. ಹೇಳಿದರೆ ಅವಳ ಗಮನವೆಲ್ಲ ಮೊಣಕೈ ಮೇಲೆ ಹೋಗುತ್ತದೆ. ಬದಲಿಗೆ ಒಂದು ಒದ್ದೆ ಟವೆಲ್ ಕೊಟ್ಟು ಕಂಬಕ್ಕೆ ಹೊಡೆಯಲು ಹೇಳಿದೆ. ತಮ್ಮನ ಮೇಲೆ ಪ್ರಯೋಗ ಮಾಡಿ ಚೆನ್ನಾಗಿ ಪಳಗಿದ್ದಳು. ಛಟೀರ್ ಅಂತು. ಕೈ ಎಲ್ಲಿ ನಿಲ್ಲಿಸಿದೆ ಅಂತ ಕೇಳಿದೆ. ಇನ್ನೊಂದು ಸಲ ಹೊಡೆದು ನೋಡಿದಳು, ನಿಧಾನವಾಗಿ ಮತ್ತೊಂದು ಸಲ. “ಕೈ ನಿಂತ ಮೇಲೆ ತುದಿ ಹೋಗತ್ತೆ” ಅಂದಳು. ಸೊಂಟಕ್ಕೆ ತಾಗುವುದು ಯಾಕೆ ಅನ್ನುವುದನ್ನು ಆಮೇಲೆ ವಿವರಿಸಬೇಕಾಗಲಿಲ್ಲ.

ತುಂಬಾ ಕಾಡಿದ್ದು ವಾರ್ಮಪ್. ಹತ್ತಿರ ನಿಂತು ಬರೀ ಮಣಿಕಟ್ಟು ಮುರಿದು ಎಸೆಯುವ ಅಭ್ಯಾಸ ಇಲ್ಲಿ ಎಲ್ಲರಿಗೂ ಇದೆ. ಅದನ್ನು ನಿಲ್ಲಿಸಿದ್ದೆ. ಆದರೂ ನಾನು ಆ ಕಡೆ ತಿರುಗಿದರೆ ಸಾಕು, ಮೂಲೆಯಲ್ಲಿ ಪಟಪಟ ಅಂತ ಮಾಡಿ ಮುಗಿಸುತ್ತಿದ್ದಳು. ಕಾಲಿನ ಕಡೆಯೂ ಕೆಲಸ ಬೇಕಿತ್ತು, ಹಿಂಗಾಲು ಎಳೆದುಕೊಂಡು ಬರುತ್ತಿತ್ತು. ಅದನ್ನು ಬೇಕೆಂದೇ ಮುಟ್ಟಲಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಆಗುವುದಿಲ್ಲ.

ದೂರವನ್ನು ನಿಧಾನವಾಗಿ ಹೆಚ್ಚಿಸಿದೆವು. ಹಳೆಯ ಮೊಣಕೈ ಇಣುಕಿದರೆ ವಾಪಸ್ ಬಲೆಯ ಹತ್ತಿರ. ಪ್ಲೇಟ್ ಮತ್ತೆ ಇಟ್ಟದ್ದು ಫೆಬ್ರವರಿ ಕೊನೆಗೆ.

ಏಪ್ರಿಲ್‌ನ ಮೊದಲ ಪಂದ್ಯದಲ್ಲಿ ಸಾಲಾಗಿ ವಾಕ್ ಕೊಟ್ಟಳು, ಅಂದರೆ ನಾಲ್ಕು ಎಸೆತ ಗುರಿ ತಪ್ಪಿ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್. ಮೂರು ಬಾಲ್ (ಗುರಿ ತಪ್ಪಿದ ಎಸೆತ), ಎರಡು ಸ್ಟ್ರೈಕ್ ಆಗಿ ಒತ್ತಡ ಏರಿದಾಗೆಲ್ಲ ಹಳೆಯ ಮೊಣಕೈ ಹಾಜರ್. ಇದು ಆಗಿಯೇ ಆಗುತ್ತದೆ. ತಂಡದ ಕೋಚ್ ಹತ್ತಿರ ಎರಡೇ ಕೇಳಿಕೊಂಡೆ. ಸ್ಟ್ರೈಕ್ ಹಾಕು ಅಂತ ಕೂಗಬೇಡಿ, ತಂಡ ಚೆನ್ನಾಗಿ ಮುಂದಿರುವಾಗ ಒಂದೊಂದು ಇನಿಂಗ್ಸ್ ಕೊಡಿ. ಪುಣ್ಯಾತ್ಮ, ಎರಡನ್ನೂ ನಡೆಸಿಕೊಟ್ಟರು. ಜೂನ್ ಹೊತ್ತಿಗೆ ಹೊಸ ಕೈ ಒತ್ತಡದಲ್ಲೂ ಹೆಚ್ಚುಕಡಿಮೆ ನಿಲ್ಲುತ್ತಿತ್ತು. ಭುಜದ ನೋವಿನ ಮಾತು ಮತ್ತೆ ಬಂದಿಲ್ಲ. ಕೈ ಬದಲಾಗಿದ್ದಕ್ಕೋ, ಚಳಿಗಾಲ ಪೂರ್ತಿ ಪಂದ್ಯವಿಲ್ಲದೆ ಭುಜಕ್ಕೆ ಬಿಡುವು ಸಿಕ್ಕಿದ್ದಕ್ಕೋ, ಎದೆ ತಟ್ಟಿ ಹೇಳಲಾರೆ. ಎರಡರ ಪಾಲೂ ಇದ್ದೀತು.

ರಾಡಾರ್ ಕಾರಿನಿಂದ ಹೊರಗೆ ಬಂದಿದೆ. ಅಂಕಿ ನೋಡಿ ಅಪ್ಪನಿಗೆ ಖುಷಿ, ಈಗ ರೈಸ್‌ಬಾಲ್ (ಬ್ಯಾಟರ್ ಹತ್ತಿರ ಮೇಲಕ್ಕೆ ಏರಿದಂತೆ ಕಾಣುವ ಎಸೆತ) ಕಲಿಸಿ ಅನ್ನುತ್ತಿದ್ದಾರೆ. ಅದಕ್ಕೆ ಹಿಮ್ಮುಖ ಸುತ್ತು ಬೇಕು, ಈ ವಯಸ್ಸಿನ ಹೆಚ್ಚಿನವರ ರೈಸ್‌ಬಾಲ್ ಬರೀ ಎತ್ತರದ ಫಾಸ್ಟ್‌ಬಾಲ್ ಅಷ್ಟೇ. ಅದಕ್ಕಾಗಿ ಮೈ ಹಿಂದಕ್ಕೆ ವಾಲಿಸಿ ಕೈ ತಿರುಚಲು ಹೋದರೆ ಕಲಿತದ್ದೂ ಕೆಡುತ್ತದೆ. ಮೊದಲು ಚೇಂಜ್‌ಅಪ್. ಅದೇ ಕೈ, ಅದೇ ವೇಗದ ಸುತ್ತು, ಚೆಂಡು ಮಾತ್ರ ನಿಧಾನ. ಅದು ಬಂದ ಮೇಲೆ ನೋಡೋಣ ಅಂದಿದ್ದೇನೆ. ಅವರು ಒಪ್ಪಿದ ಹಾಗೆ ಕಾಣುತ್ತಿಲ್ಲ.